ಸದಸ್ಯರ ಪ್ರದರ್ಶನ: ಗೋಡೆ ಅಳೆಯುವುದರಿಂದ ಮೊಳೆಗುಂಡಿ ಮುಚ್ಚುವವರೆಗೆ

ಕಲಾಸಂಘವೆಂದರೆ ವಾರಕ್ಕೊಮ್ಮೆ ಕೂತು ರೇಖಾಭ್ಯಾಸ, ತಿಂಗಳಿಗೊಮ್ಮೆ ಒಬ್ಬರ ಚಿತ್ರ ಇನ್ನೊಬ್ಬರು ನೋಡಿ ಚರ್ಚೆ, ನಡುನಡುವೆ ಒಂದು ಕಾರ್ಯಾಗಾರ. ಇಷ್ಟನ್ನು ನಾಲ್ಕೈದು ಮಂದಿ ಉತ್ಸಾಹಿಗಳಿದ್ದರೆ ನಡೆಸಿಕೊಂಡು ಹೋಗಬಹುದು. ಸದಸ್ಯರ ವಾರ್ಷಿಕ ಪ್ರದರ್ಶನಕ್ಕೆ ಮಾತ್ರ ಇಡೀ ಸಂಘವೇ ಕೈಹಾಕಬೇಕು. ಪ್ರದರ್ಶನ ಕೆಡುವುದು ಚಿತ್ರ ಚೆನ್ನಾಗಿಲ್ಲದ್ದರಿಂದ ಎಂದು ಹೊರಗಿನವರು ಭಾವಿಸುತ್ತಾರೆ. ವರ್ಷವರ್ಷವೂ ಈ ಕೆಲಸ ಮಾಡುವ ನಮಗೆ ಗೊತ್ತಿರುವುದು ಬೇರೆ: ಕೆಡುವುದು ಚೌಕಟ್ಟಿನ ಬೆನ್ನಿನಲ್ಲಿ, ಅರ್ಜಿಯ ಕಾಗದದಲ್ಲಿ, ತಡವಾಗಿ ಹೇಳಿದ ನಿಯಮದಲ್ಲಿ. ಆದ್ದರಿಂದ ಇಲ್ಲಿ ಚಿತ್ರದ ಮುಖಕ್ಕಿಂತ ಬೆನ್ನಿನ ಮಾತೇ ಹೆಚ್ಚು.

ಕೆಲಸ ಶುರುವಾಗುವುದು 12 ವಾರ ಮೊದಲು, ಟೇಪು ಹಿಡಿದು ಗೋಡೆ ಅಳೆಯುವುದರಿಂದ. ಸಭಾಂಗಣದ ಸುತ್ತಳತೆ 52 ಮೀಟರ್ ಎಂದಿಟ್ಟುಕೊಳ್ಳಿ. ಬಾಗಿಲು, ಕಿಟಕಿ, ಸ್ವಿಚ್ ಬೋರ್ಡ್, ಬೆಂಕಿ ಆರಿಸುವ ಸಿಲಿಂಡರ್, ಬಾಗಿಲು ತೆರೆದಾಗ ಮರೆಯಾಗುವ ಜಾಗ ಇಷ್ಟನ್ನೂ ಕಳೆದರೆ ಕೈಗೆ ಸಿಗುವುದು 40 ಮೀಟರ್. ಕಟ್ಟು ಹಾಕಿದ ಚಿತ್ರದ ಸರಾಸರಿ ಅಗಲ 70 ಸೆಂಟಿಮೀಟರ್, ನಡುವಿನ ಖಾಲಿ ಜಾಗ 25 ಸೆಂಟಿಮೀಟರ್ ಎಂದು ಹಿಡಿದರೆ ಒಂದು ಸಾಲಿನಲ್ಲಿ 42 ಚಿತ್ರ ಕೂರುತ್ತವೆ. ಸದಸ್ಯರು 60 ಮಂದಿ ಇದ್ದರೆ ಲೆಕ್ಕ ಕೂಡುವುದಿಲ್ಲ. ಈ ಸತ್ಯ ಅರ್ಜಿ ಕರೆಯುವ ಮೊದಲೇ ಸಮಿತಿಗೆ ತಿಳಿದಿರಬೇಕು. ಆಗ ಮಾತ್ರ ಆಯ್ಕೆಗೆ ಅವಕಾಶವಿರುತ್ತದೆ: ಒಬ್ಬರಿಗೆ ಒಂದೇ ಕೃತಿ ಎನ್ನಬಹುದು, ಕಟ್ಟು ಸೇರಿ ಅಗಲ 90 ಸೆಂಟಿಮೀಟರ್ ಮೀರಬಾರದು ಎನ್ನಬಹುದು, ಸಣ್ಣ ಚಿತ್ರಗಳನ್ನು ಎರಡು ಸಾಲಿನಲ್ಲಿ ಹಾಕುತ್ತೇವೆ ಎನ್ನಬಹುದು. ಕೃತಿಗಳೆಲ್ಲ ಬಂದಿಳಿದ ಮೇಲೆ "ಜಾಗವಿಲ್ಲ, ನಿಮ್ಮ ಎರಡನೆಯದನ್ನು ವಾಪಸು ಒಯ್ಯಿರಿ" ಎಂದರೆ ಆ ಸದಸ್ಯರು ಮುಂದಿನ ವರ್ಷ ಚಂದಾ ಕಟ್ಟದಿದ್ದರೂ ಆಶ್ಚರ್ಯವಿಲ್ಲ. ನಿಯಮ ಕಠಿಣವಾಗಿದ್ದರೆ ಜನ ಒಪ್ಪುತ್ತಾರೆ, ತಡವಾಗಿ ಬಂದರೆ ಒಪ್ಪುವುದಿಲ್ಲ.

ಅರ್ಜಿಯಲ್ಲಿ ಕೇಳಬೇಕಾದದ್ದು ಹೆಚ್ಚಿಲ್ಲ. ಹೆಸರು, ಕೃತಿಯ ಶೀರ್ಷಿಕೆ, ರಚಿಸಿದ ವರ್ಷ, ಮಾಧ್ಯಮ, ಅಳತೆ, ತೂಕ, ಬೆಲೆ ಅಥವಾ "ಮಾರಾಟಕ್ಕಿಲ್ಲ" ಎಂಬ ಮಾತು. ಅತಿ ಹೆಚ್ಚು ತಪ್ಪಾಗುವುದು ಅಳತೆಯಲ್ಲಿ. ಒಬ್ಬರು ಚಿತ್ರದ ಅಳತೆ ಬರೆಯುತ್ತಾರೆ, ಇನ್ನೊಬ್ಬರು ಕಟ್ಟಿನದು. ಒಬ್ಬರು ಎತ್ತರ ಮೊದಲು ಬರೆದರೆ ಇನ್ನೊಬ್ಬರು ಅಗಲ ಮೊದಲು. 30×40ರ ಜಲವರ್ಣ ಮೌಂಟ್ (ಚಿತ್ರದ ಸುತ್ತ ಬರುವ ರಟ್ಟಿನ ಅಂಚು) ಮತ್ತು ಕಟ್ಟು ಸೇರಿ 50×60 ಆಗುವುದು ಸಾಮಾನ್ಯ. ಇಂಥ 10 ಅರ್ಜಿಗಳಿದ್ದರೆ ಗೋಡೆಯ ಮೇಲೆ ಎರಡು ಮೀಟರ್ ವ್ಯತ್ಯಾಸ ಬಂದೇ ಬರುತ್ತದೆ. ಅದಕ್ಕೇ ನಾವು ಅರ್ಜಿಯಲ್ಲಿ ಒಂದು ಚೌಕ ಬರೆದು, ಬದಿಯಲ್ಲಿ "ಎತ್ತರ, ಕಟ್ಟು ಸೇರಿ", ಕೆಳಗೆ "ಅಗಲ, ಕಟ್ಟು ಸೇರಿ" ಎಂದು ಬಾಣದ ಗುರುತು ಹಾಕುತ್ತೇವೆ. ಆ ಚಿಕ್ಕ ಚಿತ್ರ ಎರಡು ಪುಟದ ಸೂಚನೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಅರ್ಜಿಯ ಕೊನೆಗೆ ಸಹಿ ಮಾಡುವಲ್ಲಿ ಇನ್ನೊಂದು ಸಾಲು ಇರಲೇಬೇಕು: ಕೃತಿ ಸ್ವಂತದ್ದು, ಬೇರೆಯವರ ಛಾಯಾಚಿತ್ರವನ್ನೋ ಚಿತ್ರವನ್ನೋ ನೋಡಿ ನಕಲು ಮಾಡಿದ್ದಲ್ಲ, ಕಾರ್ಯಾಗಾರದಲ್ಲಿ ಗುರುಗಳು ತಿದ್ದಿದ್ದಲ್ಲ. ಅಭ್ಯಾಸಕ್ಕೆ ನಕಲು ಒಳ್ಳೆಯದೇ, ಅದರಿಂದ ಕಲಿಯುವುದು ಬಹಳ ಇದೆ. ಆದರೆ ಬೆಲೆ ಹಚ್ಚಿ ಗೋಡೆಗೆ ಹಾಕುವುದು ಬೇರೆಯೇ ವಿಷಯ. ಮುದ್ರಣಕಲೆಯ ವಿಚಾರದಲ್ಲೂ ಸ್ಪಷ್ಟತೆ ಬೇಕು. ಕಲಾವಿದರೇ ಮರ, ಲಿನೋಲಿಯಂ ಅಥವಾ ತಾಮ್ರದ ಹಲಗೆ ಕೆತ್ತಿ ತೆಗೆದ 3/20 ಎಂಬ ಸಂಖ್ಯೆಯ ಪ್ರತಿ ಮೂಲಕೃತಿಯೇ. ಅಲ್ಲಿ 20 ಎಂಬುದು ಒಟ್ಟು ಪ್ರತಿಗಳ ಲೆಕ್ಕ, 3 ಎಂಬುದು ಈ ಪ್ರತಿಯ ಸಂಖ್ಯೆ. ತೈಲಚಿತ್ರದ ಫೋಟೊ ತೆಗೆದು ಇಂಕ್‌ಜೆಟ್‌ನಲ್ಲಿ ಮುದ್ರಿಸಿದ್ದು ಹಾಗಲ್ಲ. ಅದನ್ನು ಪ್ರತಿಕೃತಿ ಎಂದೇ ಬರೆಯಬೇಕು, ಇಲ್ಲವಾದರೆ ಕೊಳ್ಳುವವರಿಗೆ ಮೋಸವಾದಂತೆ.

ಇನ್ನು ಚೌಕಟ್ಟಿನ ಬೆನ್ನು. ಎಂಟು ವಾರ ಮೊದಲೇ ಸದಸ್ಯರ ಕೈಗೆ ಒಂದು ಹಾಳೆ ಸೇರಬೇಕು, ಏಕೆಂದರೆ ಕಟ್ಟು ಹಾಕಿಸಲು ಕೊಟ್ಟ ಮೇಲೆ ಬದಲಾವಣೆ ಕಷ್ಟ. ಎರಡೂ ಬದಿಯ ಪಟ್ಟಿಗಳಿಗೆ ಒಂದೊಂದು ಡಿ ರಿಂಗ್ (ತೂಗುಹಾಕುವ ತಂತಿ ಕಟ್ಟಲು ಸ್ಕ್ರೂ ಹಾಕಿ ಕೂರಿಸುವ ಡಿ ಆಕಾರದ ಬಳೆ), ಮೇಲಂಚಿನಿಂದ ಒಟ್ಟು ಎತ್ತರದ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ. ಇನ್ನೂ ಕೆಳಗೆ ಹಾಕಿದರೆ ಚಿತ್ರ ಮುಂದಕ್ಕೆ ವಾಲುತ್ತದೆ, ತೀರಾ ಮೇಲೆ ಹಾಕಿದರೆ ತಂತಿ ಮತ್ತು ಕೊಕ್ಕೆ ಕಟ್ಟಿನ ಮೇಲೆ ಇಣುಕುತ್ತವೆ. ಮೇಲ್ಪಟ್ಟಿಯ ನಡುವಿಗೆ ಹೊಡೆಯುವ ಗರಗಸದ ಹಲ್ಲಿನಂಥ ತಗಡನ್ನು ನಾವು ಸ್ವೀಕರಿಸುವುದಿಲ್ಲ. ಸಣ್ಣ ಮೊಳೆಗಳ ಮೇಲೆ ನಿಂತ ಆ ತಗಡು ಯಾರದೋ ಭುಜ ತಗುಲಿದರೆ ಸಾಕು, ಕಳಚಿಕೊಳ್ಳುತ್ತದೆ. ಉಂಗುರದ ತಲೆಯ ಸ್ಕ್ರೂ ಕೂಡ ಬೇಡ. ಅದು ಬೆನ್ನಿನಿಂದ ಹೊರಗೆ ಚಾಚಿಕೊಂಡಿರುವುದರಿಂದ ಒಂದರ ಪಕ್ಕ ಒಂದು ನಿಲ್ಲಿಸಿದಾಗ ನೆರೆಯ ಚಿತ್ರಕ್ಕೆ ಗೀರು ಬೀಳುತ್ತದೆ.

ತಂತಿಯನ್ನು ವೀಣೆಯ ತಂತಿಯಂತೆ ಬಿಗಿದು ತರುವವರೇ ಹೆಚ್ಚು. ಬಿಗಿಯಾದಷ್ಟೂ ಭದ್ರ ಎಂಬ ನಂಬಿಕೆ ಅದು, ನಿಜ ಅದರ ತಿರುಗುಮುರುಗು. ಡಿ ರಿಂಗ್‌ಗಳ ನಡುವೆ 60 ಸೆಂಟಿಮೀಟರ್ ಇದ್ದು, ಒಂದೇ ಕೊಕ್ಕೆಗೆ ನೇತಾಗ ತಂತಿ ಬರೀ 5 ಸೆಂಟಿಮೀಟರ್ ಮೇಲೇಳುವಂತಿದ್ದರೆ, ತಂತಿಯ ಪ್ರತಿ ಬದಿಯ ಮೇಲೂ ಚಿತ್ರದ ತೂಕದ ಮೂರು ಪಟ್ಟು ಎಳೆತ ಬೀಳುತ್ತದೆ. 8 ಕಿಲೊ ಚಿತ್ರಕ್ಕೆ 24 ಕಿಲೊ. ಅದೇ 8 ಸೆಂಟಿಮೀಟರ್ ಮೇಲೆದ್ದರೆ ಎರಡು ಪಟ್ಟಿಗೆ ಇಳಿಯುತ್ತದೆ, 17 ಸೆಂಟಿಮೀಟರ್ ಎದ್ದರೆ ಹೆಚ್ಚುಕಡಿಮೆ ತೂಕದಷ್ಟೇ. ಬಿಗಿದ ತಂತಿಯ ಚಿತ್ರ ಬೀಳುವುದು ತಂತಿ ಕಡಿದೇ ಆಗಬೇಕೆಂದಿಲ್ಲ. ಸ್ಕ್ರೂ ಮೆಲ್ಲಗೆ ಮರದಿಂದ ಕಿತ್ತುಬರುತ್ತದೆ, ತೆಳ್ಳನೆಯ ಪಟ್ಟಿಯಾದರೆ ಒಳಕ್ಕೆ ಬಾಗಿ ಮೂಲೆಯ ಸೇರುವೆ ಬಿಡುತ್ತದೆ. ಪರಿಹಾರ ಸುಲಭ. ಅಗಲ ಕಟ್ಟಿಗೆ ಒಂದು ಕೊಕ್ಕೆಯ ಬದಲು ಎರಡು ಕೊಕ್ಕೆ ಹಾಕಿದರೆ ಎಳೆತವೂ ತಗ್ಗುತ್ತದೆ, ಚಿತ್ರ ಒಂದು ಕಡೆಗೆ ವಾಲುವುದೂ ನಿಲ್ಲುತ್ತದೆ.

ಗಾಜಿನ ತೂಕವನ್ನು ಎಲ್ಲರೂ ಮರೆಯುತ್ತಾರೆ. 2 ಮಿಲಿಮೀಟರ್ ಗಾಜು ಚದರ ಮೀಟರಿಗೆ 5 ಕಿಲೊ ತೂಗುತ್ತದೆ. 60×80ರ ಚಿತ್ರಕ್ಕೆ ಗಾಜೊಂದೇ 2.4 ಕಿಲೊ. ಅಷ್ಟೇ ದಪ್ಪದ ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅದರ ಅರ್ಧಕ್ಕಿಂತ ಕಡಿಮೆ. ದೊಡ್ಡ ಜಲವರ್ಣಗಳಿಗೆ ಅಕ್ರಿಲಿಕ್ ಹಾಳೆಯೇ ಲೇಸು. ಪ್ಯಾಸ್ಟೆಲ್ ಮತ್ತು ಇದ್ದಿಲಿನ ಚಿತ್ರಗಳಿಗೆ ಮಾತ್ರ ಕೂಡದು. ಒರೆಸಿದಾಗ ಹುಟ್ಟುವ ಸ್ಥಾಯಿ ವಿದ್ಯುತ್ತಿಗೆ ಸಡಿಲ ಪುಡಿ ಮೇಲೆದ್ದು ಹಾಳೆಯ ಒಳಮೈಗೆ ಅಂಟುತ್ತದೆ. ಅವಕ್ಕೆ ಗಾಜೇ ಸರಿ. ಗಾಜಾಗಲಿ ಅಕ್ರಿಲಿಕ್ಕಾಗಲಿ, ಕಾಗದವನ್ನು ಮುಟ್ಟಬಾರದು; ಮೌಂಟ್ ಬೋರ್ಡಿನ ದಪ್ಪದಷ್ಟು ಗಾಳಿಯ ಅಂತರ ಬೇಕು. ಮುಟ್ಟಿದರೆ ಒಳಗೆ ಹನಿಗಟ್ಟಿದ ತೇವ ಅಲ್ಲೇ ನಿಂತು ಬೂಷ್ಟು ಹಿಡಿಯುತ್ತದೆ. ಆಮ್ಲವಿಲ್ಲದ ಬೋರ್ಡ್ ಅಲ್ಲದಿದ್ದರೆ ಕೆಲವು ವರ್ಷಗಳಲ್ಲಿ ಚಿತ್ರ ಕಾಣಲು ಬೋರ್ಡಿನಲ್ಲಿ ಕತ್ತರಿಸಿದ ಕಿಟಕಿಯ ಅಂಚಿನುದ್ದಕ್ಕೂ ಕಂದು ಗೆರೆ ಮೂಡುತ್ತದೆ, ಅದನ್ನು ಅಳಿಸಲಾಗದು.

ತೈಲವರ್ಣದವರು ಕೊನೆಯ ವಾರದಲ್ಲಿ ಮುಗಿಸಿ ತರುವ ಚಿತ್ರಗಳು ಪ್ರತಿ ವರ್ಷದ ಆತಂಕ. ತೆಳುವಾಗಿ ಹಚ್ಚಿದ ಅಂಬರ್ ಎಂಬ ಕಂದು ಬಣ್ಣ ಕೆಲವೇ ದಿನದಲ್ಲಿ ಒಣಗುತ್ತದೆ; ಅಲಿಜರಿನ್ ಕೆಂಪು, ಐವರಿ ಕಪ್ಪು ಬಹಳ ನಿಧಾನ; ಚಾಕುವಿನಿಂದ ಮೆತ್ತಿದ ದಪ್ಪ ಪದರವಂತೂ ಮೇಲೆ ಚರ್ಮ ಕಟ್ಟಿ ಒಳಗೆ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಬೆರಳ ತುದಿಯಿಂದ ಮೂಲೆಯ ಕಪ್ಪು ಭಾಗವನ್ನು ಮೆಲ್ಲಗೆ ಮುಟ್ಟಿ ನೋಡಿಯೇ ಸ್ವೀಕರಿಸುತ್ತೇವೆ. ಬೇಗ ಹೊಳಪು ಬರಲೆಂದು ಕೊನೆಯ ವಾರ್ನಿಶ್ ಬಳಿದು ತಂದರೆ ಇನ್ನೂ ಕಷ್ಟ. ಸಾಮಾನ್ಯವಾಗಿ 6ರಿಂದ 12 ತಿಂಗಳು ಕಾಯಬೇಕಾದ ಕೆಲಸ ಅದು. ಅಕ್ರಿಲಿಕ್ ಬಣ್ಣ ಬೇಗ ಒಣಗುತ್ತದೆ ಎಂಬ ಧೈರ್ಯದಲ್ಲಿ ಗುಳ್ಳೆ ಪ್ಲಾಸ್ಟಿಕ್ ಸುತ್ತಿ ಬಿಸಿಲಲ್ಲಿ ನಿಂತ ವಾಹನದಲ್ಲಿ ತಂದವರ ಚಿತ್ರದ ಮೇಲೆ ಸಾಲುಸಾಲು ಉಂಗುರದ ಗುರುತು ಬಿದ್ದಿರುತ್ತದೆ. ಅಕ್ರಿಲಿಕ್ ಪದರ ಬಿಸಿಗೆ ಮೆದುವಾಗಿ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ನಾಲ್ಕು ಮೂಲೆಗೆ ರಟ್ಟಿನ ಮೂಲೆಗವಚ ಹಾಕಿ, ಮುಖಕ್ಕೆ ಏನೂ ತಾಗದಂತೆ ಮುಂದೆ ಒಂದು ರಟ್ಟು ಕಟ್ಟಿ ತರುವುದೇ ಕ್ಷೇಮ.

ಸ್ವೀಕಾರದ ದಿನ ಎರಡು ಮೇಜು ಸಾಕು, ಆದರೆ ಎರಡರ ಕೆಲಸ ಬೆರೆಯಬಾರದು. ಒಂದರಲ್ಲಿ ಅರ್ಜಿ ನೋಡಿ ಅಳತೆ ಸರಿಯಿದೆಯೇ ಎಂದು ಟೇಪು ಹಿಡಿಯುವುದು. ಇನ್ನೊಂದರಲ್ಲಿ ಕೃತಿಯ ಸ್ಥಿತಿ ಬರೆಯುವುದು: ನಾಲ್ಕು ಮೂಲೆ, ಗಾಜು, ಮೇಲ್ಮೈ, ಬೆನ್ನು. ಕ್ಯಾನ್ವಾಸ್ ಸಡಿಲವಾಗಿ ಅಲೆಯಾಡುತ್ತಿದ್ದರೆ ಒಳಮೂಲೆಯ ಬೆಣೆಗಳನ್ನು ಸ್ವಲ್ಪ ತಟ್ಟಿ ಬಿಗಿಗೊಳಿಸಲು ಸದಸ್ಯರಿಗೇ ಹೇಳುತ್ತೇವೆ, ನಾವು ಮುಟ್ಟುವುದಿಲ್ಲ. ಮುಂದೆ ಒಂದು, ಹಿಂದೆ ಒಂದು ಫೋಟೊ. ತಂದ ದಿನವೇ ಇದ್ದ ಗೀರು "ಪ್ರದರ್ಶನದಲ್ಲಿ ಆದದ್ದು" ಎಂಬ ಜಗಳವಾಗುವುದನ್ನು ಆ ಎರಡು ಫೋಟೊಗಳು ತಪ್ಪಿಸುತ್ತವೆ. ಒಂದು ಕೃತಿಗೆ 5 ನಿಮಿಷ ಹಿಡಿಯುತ್ತದೆ; 60 ಕೃತಿಗೆ 5 ಗಂಟೆ. ಹೆಸರಿನ ಮೊದಲಕ್ಷರದ ಪ್ರಕಾರ ಸಮಯ ಹಂಚದಿದ್ದರೆ ಎಲ್ಲರೂ ಕೊನೆಯ ಗಂಟೆಗೆ ಬಂದು ಸಾಲು ನಿಲ್ಲುತ್ತಾರೆ. ಸ್ವೀಕರಿಸಿದ ಕೃತಿಯ ಬೆನ್ನಿಗೆ ಸಂಖ್ಯೆ, ಹೆಸರು, ಶೀರ್ಷಿಕೆ ಇರುವ ಚೀಟಿ. ಆಮೇಲೆ ನೆಲಕ್ಕೆ ಹಾಸಿದ ಮರದ ಪಟ್ಟಿಗಳ ಮೇಲೆ, ದೊಡ್ಡದು ಹಿಂದೆ ಚಿಕ್ಕದು ಮುಂದೆ, ಮುಖಕ್ಕೆ ಮುಖ ಬೆನ್ನಿಗೆ ಬೆನ್ನು, ನಡುವೆ ರಟ್ಟು ಇಟ್ಟು ಒರಗಿಸುವುದು. ಮುಖಕ್ಕೆ ಬೆನ್ನು ತಾಗಿಸಿದರೆ ಡಿ ರಿಂಗ್ ಮುಂದಿನ ಕ್ಯಾನ್ವಾಸಿಗೆ ಒತ್ತಿ ಉಬ್ಬು ಮೂಡಿಸುತ್ತದೆ.

ಆಯ್ಕೆಯ ಬಗ್ಗೆ ನಮ್ಮ ಅಭಿಪ್ರಾಯ ಖಚಿತ: ಚಂದಾ ಕಟ್ಟಿದ ಪ್ರತಿ ಸದಸ್ಯರ ಒಂದು ಕೃತಿ ಗೋಡೆಗೆ ಬರಲೇಬೇಕು. ಎರಡನೆಯ ಕೃತಿಗೆ ಬೇಕಾದರೆ ಆಯ್ಕೆ ಇರಲಿ. ಆಗ ಆಯ್ಕೆ ಮಾಡುವ ಮೂವರೂ ಆ ವರ್ಷ ತಮ್ಮ ಎರಡನೆಯ ಕೃತಿ ಇಡಬಾರದು; ಹೆಸರು ಮುಚ್ಚಿ, ಸಂಖ್ಯೆಯಷ್ಟೇ ನೋಡಿ, ಮಾತಾಡದೆ ಮೊದಲ ಸುತ್ತಿನ ಗುರುತು ಹಾಕಬೇಕು. ಮಾತು ಮೊದಲಾದರೆ ಗಟ್ಟಿ ದನಿಯವರ ರುಚಿಯೇ ಪ್ರದರ್ಶನದ ರುಚಿಯಾಗುತ್ತದೆ.

ಸದಸ್ಯರ ವಿಚಾರಕ್ಕೆ ಬಂದರೆ, ಸಂಘಕ್ಕೆ ಸೇರುವಾಗ ಎಲ್ಲರೂ ತಮ್ಮ ಮಾಧ್ಯಮ ಬರೆಯುತ್ತಾರೆ. ನಾವು ಅದರ ಕೆಳಗೆ ಇನ್ನೊಂದು ಪ್ರಶ್ನೆ ಇಟ್ಟಿದ್ದೇವೆ: ಬೇರೆ ಏನು ಬರುತ್ತದೆ? ಡ್ರಿಲ್ ಹಿಡಿಯುವುದು, ಲೆಕ್ಕ ಬರೆಯುವುದು, ಅಕ್ಷರ ಜೋಡಿಸುವುದು, ಫೋಟೊ ತೆಗೆಯುವುದು, ಭಾರ ಎತ್ತುವುದು, ಅಪರಿಚಿತರೊಂದಿಗೆ ಸರಾಗ ಮಾತಾಡುವುದು. ಈ ಪಟ್ಟಿಯಿಂದಲೇ ತಂಡ ಮಾಡುವುದು. ನಿವೃತ್ತ ಚಿತ್ರಕಲಾ ಶಿಕ್ಷಕರ ಜೊತೆ ಹೊಸದಾಗಿ ಕುಂಚ ಹಿಡಿದವರನ್ನು, ಬೋರ್ಡ್ ಬರೆಯುವ ಅನುಭವ ಇದ್ದವರ ಜೊತೆ ಕಂಪ್ಯೂಟರ್ ಬಲ್ಲವರನ್ನು ಇಬ್ಬಿಬ್ಬರಾಗಿ ಹಾಕುತ್ತೇವೆ. ವರ್ಷವಿಡೀ ಚರ್ಚೆಯಲ್ಲಿ ಬಾಯಿಬಿಡದ ಹೊಸಬರು ಇನ್ನೊಬ್ಬರ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡುತ್ತ ಪ್ರಶ್ನೆ ಕೇಳಲು ತೊಡಗುವುದು ಇಲ್ಲೇ. ಒಂದು ಮಾತು ಕಡ್ಡಾಯ: ತನ್ನ ಚಿತ್ರವನ್ನು ತಾನೇ ತೂಗುಹಾಕುವಂತಿಲ್ಲ.

ಜೋಡಣೆಗೆ ಒಂದು ದಿನ ಪೂರ್ತಿ ಬೇಕು, ಆ ದಿನ ಮೊಳೆ ಸುತ್ತಿಗೆ ಮುಟ್ಟುವ ಹಾಗಿಲ್ಲ. ಚಿತ್ರಗಳನ್ನು ಗೋಡೆಯುದ್ದಕ್ಕೂ ನೆಲದ ಮೇಲೆ, ಫೋಮ್ ತುಂಡುಗಳ ಮೇಲೆ ಒರಗಿಸಿ ಇಡುವುದು, ದೂರ ನಿಂತು ನೋಡುವುದು, ಬದಲಿಸುವುದು. ಬಾಗಿಲಿಂದ ಒಳಗೆ ಬಂದವರ ಕಣ್ಣು ಮೊದಲು ಹೋಗುವ ಎದುರು ಗೋಡೆಗೆ ದೂರದಿಂದಲೂ ನಿಲ್ಲುವ ಚಿತ್ರ ಬೇಕು. ಅತಿ ಚೆನ್ನಾಗಿರುವುದನ್ನೇ ಅಲ್ಲಿಡಬೇಕೆಂಬ ಒತ್ತಡ ಬರುತ್ತದೆ; ಅಂಗೈಯಗಲದ ಅತ್ಯುತ್ತಮ ಎಚಿಂಗ್ (ಲೋಹದ ಹಲಗೆಯಿಂದ ತೆಗೆದ ಮುದ್ರಣಚಿತ್ರ) ಅಲ್ಲಿ ಕಳೆದೇಹೋಗುತ್ತದೆ. ಅದಕ್ಕೆ ಓಣಿಯಂಥ ಕಿರಿದಾದ ಜಾಗವೇ ಗೌರವ, ಜನ ಅಲ್ಲಿ ತಾವಾಗಿಯೇ ಹತ್ತಿರ ನಿಲ್ಲುತ್ತಾರೆ. ಉರಿಗೆಂಪಿನ ದೊಡ್ಡ ಕ್ಯಾನ್ವಾಸಿನ ಪಕ್ಕ ತಿಳಿಯಾದ ಜಲವರ್ಣ ಇಟ್ಟರೆ ಜಲವರ್ಣ ಮಾಸಿದಂತೆ ಕಾಣುತ್ತದೆ. ನಡುವೆ ಕಪ್ಪುಬಿಳುಪು ರೇಖಾಚಿತ್ರ ಒಂದನ್ನು ತಂದರೆ ಎರಡೂ ಉಸಿರಾಡುತ್ತವೆ. ಗಾಜಿನ ಚಿತ್ರಗಳನ್ನು ಕಿಟಕಿಯ ಎದುರು ಗೋಡೆಗೆ ಹಾಕಬಾರದು, ನೋಡುವವರಿಗೆ ತಮ್ಮ ಮುಖವೇ ಕಾಣುತ್ತದೆ. ಆ ಜಾಗ ಕ್ಯಾನ್ವಾಸಿಗಿರಲಿ. ಹೊರಗೋಡೆಯಲ್ಲಿ ತೇವದ ವಾಸನೆ ಇದ್ದರೆ ಕಾಗದದ ಕೃತಿ ಅಲ್ಲಿಗೆ ಬೇಡವೇ ಬೇಡ; ಉಳಿದವುಗಳ ಕೆಳಮೂಲೆಗಳಿಗೂ ಬೆಂಡಿನ ಬಿಲ್ಲೆ ಅಂಟಿಸಿ ಹಿಂದೆ ಗಾಳಿಯಾಡಲು ಬಿಡಬೇಕು.

ಮರುದಿನ ತೂಗುಹಾಕುವುದು. ಚಿತ್ರದ ಮಧ್ಯಭಾಗ ನೆಲದಿಂದ 150 ಸೆಂಟಿಮೀಟರ್ ಎತ್ತರಕ್ಕೆ ಬರಬೇಕು ಎಂದು ನಾವು ಗೊತ್ತುಮಾಡಿಕೊಂಡಿದ್ದೇವೆ. ಮೇಲಂಚನ್ನು ಒಂದೇ ಮಟ್ಟಕ್ಕೆ ತರುವುದು ಹಳೆಯ ಅಭ್ಯಾಸ. ಎತ್ತರಗಳು ಬೇರೆಬೇರೆ ಇದ್ದಾಗ ಅದು ಬಟ್ಟೆ ಒಣಹಾಕಿದಂತೆ ಕಾಣುತ್ತದೆ. ಲೆಕ್ಕ ಹೀಗೆ: ಮಧ್ಯದ ಎತ್ತರಕ್ಕೆ ಚಿತ್ರದ ಎತ್ತರದ ಅರ್ಧ ಕೂಡಿಸಿ, ಮೇಲಂಚಿನಿಂದ ಎಳೆದ ತಂತಿಯವರೆಗಿನ ಇಳಿತ ಕಳೆಯುವುದು. 60 ಸೆಂಟಿಮೀಟರ್ ಎತ್ತರದ ಚಿತ್ರ, ಇಳಿತ 9 ಎಂದರೆ 150 ಕೂಡಿಸು 30, ಕಳೆ 9: ಕೊಕ್ಕೆಯ ತಳ 171ಕ್ಕೆ. ಇಲ್ಲಿ ಎರಡು ತಪ್ಪು ಮತ್ತೆಮತ್ತೆ ಆಗುತ್ತವೆ. ತಂತಿ ಸಡಿಲವಾಗಿರುವಾಗಲೇ ಅಳೆಯುವುದು ಒಂದು. ತೂಕ ಬಿದ್ದ ಹಾಗೆ ಬೆರಳಿನಿಂದ ಮೇಲಕ್ಕೆಳೆದು ಅಳೆಯಬೇಕು, ಎರಡು ಕೊಕ್ಕೆಯಾದರೆ ಅಷ್ಟೇ ದೂರದಲ್ಲಿ ಎರಡು ಬೆರಳಿಟ್ಟು. ಮೊಳೆಯ ತೂತನ್ನು 171ಕ್ಕೆ ಗುರುತು ಹಾಕುವುದು ಇನ್ನೊಂದು. ತಂತಿ ಕೂರುವುದು ಕೊಕ್ಕೆಯ ತಳದಲ್ಲಿ, ಮೊಳೆ ಅದಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲೆ. ನೆಲವೇ ಇಳಿಜಾರಾಗಿರುವ ಹಳೆಯ ಕಟ್ಟಡದಲ್ಲಿ ಪ್ರತಿ ಚಿತ್ರಕ್ಕೂ ನೆಲದಿಂದ ಅಳೆದರೆ ಸಾಲು ಡೊಂಕಾಗುತ್ತದೆ. ಗೋಡೆಯ ಒಂದು ತುದಿಯಲ್ಲಿ 150 ಗುರುತು ಹಾಕಿ, ರಸಮಟ್ಟ ಹಿಡಿದು ಇನ್ನೊಂದು ತುದಿಗೆ ದಾರ ಕಟ್ಟಿ, ಉಳಿದದ್ದನ್ನೆಲ್ಲ ದಾರದಿಂದಲೇ ಅಳೆಯುವುದು.

ಅಡ್ಡ ಅಂತರಕ್ಕೂ ಲೆಕ್ಕವಿದೆ. 6 ಮೀಟರ್ ಗೋಡೆ, 6 ಚಿತ್ರಗಳ ಒಟ್ಟು ಅಗಲ 392 ಸೆಂಟಿಮೀಟರ್. ಉಳಿದದ್ದು 208. ತುದಿಯ ಜಾಗ ಒಳಗಿನದಕ್ಕಿಂತ ಒಂದೂವರೆ ಪಟ್ಟು ಇದ್ದರೆ ಕಣ್ಣಿಗೆ ಹಿತ. ಒಳಗಿನ 5 ಅಂತರ, ತುದಿಯ ಎರಡು ಸೇರಿ 3 ಪಾಲು, ಒಟ್ಟು 8 ಪಾಲು. ಒಂದು ಪಾಲು 26, ತುದಿಗೆ 39. ಇದನ್ನೆಲ್ಲ ಗೋಡೆಯ ನಕ್ಷೆಯ ಮೇಲೆ ಮೊದಲೇ ಬರೆದುಕೊಂಡರೆ ಮೂವರ ತಂಡ, ಒಬ್ಬರು ಅಳೆಯಲು, ಒಬ್ಬರು ಮೊಳೆಗೆ, ಒಬ್ಬರು ಚಿತ್ರ ಹಿಡಿಯಲು, ನಿರಾತಂಕವಾಗಿ ಮುಂದುವರಿಯುತ್ತದೆ. ಎರಡು ಸಾಲಿನ ಜಾಗದಲ್ಲಿ ಮೇಲಿನದನ್ನೂ ಕೆಳಗಿನದನ್ನೂ ಸೇರಿಸಿ ಒಂದೇ ಚಿತ್ರವೆಂದು ಎಣಿಸಿ, ಆ ಜೋಡಿಯ ಮಧ್ಯವನ್ನು ದಾರಕ್ಕೆ ತರಬೇಕು; ಭಾರವಾಗಿ ಕಾಣುವುದು ಕೆಳಗೆ. ಶಿಲ್ಪದ ಪೀಠ ಹಗುರವಾದರೆ ಒಳಗೆ ಮರಳಿನ ಚೀಲ ಇಡಬೇಕು. ಮಕ್ಕಳ ಕೈ ಪೀಠದ ಅಂಚಿಗೆ ಬೀಳುವುದು ಖಂಡಿತ.

ಬೆಳಕಿನ ದೀಪಗಳನ್ನು ಲಂಬಕ್ಕೆ 30 ಡಿಗ್ರಿ ಕೋನದಲ್ಲಿ ತಿರುಗಿಸುತ್ತೇವೆ. ಅದಕ್ಕಿಂತ ಕಡಿದಾದರೆ ಕಟ್ಟಿನ ನೆರಳು ಚಿತ್ರದ ಮೇಲೆ ಬೀಳುತ್ತದೆ, ಓರೆಯಾದರೆ ಗಾಜು ಹೊಳೆಯುತ್ತದೆ, ನೋಡುವವರ ನೆರಳೂ ಅಡ್ಡ ಬರುತ್ತದೆ. ಜಲವರ್ಣಕ್ಕೆ 50 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ), ತೈಲವರ್ಣಕ್ಕೆ 200 ಲಕ್ಸ್ ಎಂಬುದು ವಸ್ತುಸಂಗ್ರಹಾಲಯಗಳು ಪಾಲಿಸುವ ಮಿತಿ. ಎರಡು ವಾರದ ಪ್ರದರ್ಶನಕ್ಕೆ ಅಷ್ಟು ಕಟ್ಟುನಿಟ್ಟು ಸಾಧ್ಯವಾಗದಿದ್ದರೂ ನೇರ ಬಿಸಿಲು ಬೀಳುವ ಜಾಗಕ್ಕೆ ಕಾಗದದ ಕೃತಿ ಹಾಕುವುದು ತಪ್ಪು. ಬೆಳಕಿನ ಹಾನಿ ಕೂಡುತ್ತಲೇ ಹೋಗುತ್ತದೆ, ಮಾಸಿದ ಬಣ್ಣ ಮರಳುವುದಿಲ್ಲ.

ಹೆಸರಿನ ಚೀಟಿಗಳು ಕೊನೆಗೆ. ಪ್ರದರ್ಶನದ ಸಂಖ್ಯೆ ಕೊಡುವುದು ತೂಗುಹಾಕಿದ ಮೇಲೆಯೇ, ಬಾಗಿಲಿಂದ ನಡೆಯುವ ಕ್ರಮದಲ್ಲಿ. ಮೊದಲೇ ಮುದ್ರಿಸಿದರೆ 7ರ ಪಕ್ಕ 31 ಬಂದು ಬೆಲೆಪಟ್ಟಿ ಹಿಡಿದವರು ದಾರಿ ತಪ್ಪುತ್ತಾರೆ. ಚಿತ್ರದ ಬಲಗಡೆ, ಕೆಳಗೆ, ಎಲ್ಲವೂ ಒಂದೇ ಎತ್ತರದಲ್ಲಿ. ಅಕ್ಷರ 14 ಪಾಯಿಂಟಿಗಿಂತ ಚಿಕ್ಕದು ಬೇಡ. ಅಂಟಿಸಿದ ಮೇಲೆ ಇಬ್ಬರು, ಒಬ್ಬರು ಬೆನ್ನಿನ ಚೀಟಿ ಓದುತ್ತ ಇನ್ನೊಬ್ಬರು ಗೋಡೆಯದನ್ನು ನೋಡುತ್ತ, ಒಂದು ಸುತ್ತು ಬರುವುದನ್ನು ಬಿಡಬಾರದು. ಹೆಸರು ಅದಲುಬದಲಾದ ಚಿತ್ರದ ಮುಂದೆ ಮನೆಯವರನ್ನೆಲ್ಲ ಕರೆತಂದು ನಿಲ್ಲುವ ಸದಸ್ಯರ ನೋವು ಸಣ್ಣದಲ್ಲ.

ಪ್ರದರ್ಶನದ ದಿನಗಳಲ್ಲಿ ಮೂರು ಗಂಟೆಗೊಂದು ಪಾಳಿ, ಪಾಳಿಗೆ ಇಬ್ಬರು. ಒಬ್ಬರೇ ಇದ್ದರೆ ಕೃತಿಗಳನ್ನು ಕಾಯುವುದಕ್ಕೂ ಮಾತಾಡುವುದಕ್ಕೂ ಆಗುವುದಿಲ್ಲ. ಮಾರಾಟಕ್ಕೆ ಒಂದೇ ಪುಸ್ತಕ, ಹಣ ಬಂದ ಮೇಲೆಯೇ ಮಾರಾಟವಾಯಿತೆಂದು ಸೂಚಿಸುವ ಕೆಂಪು ಚುಕ್ಕೆ. ಬಾಯಿಮಾತಿಗೆ ಚುಕ್ಕೆ ಹಚ್ಚಿದರೆ ನಿಜವಾಗಿ ಕೊಳ್ಳಬಂದವರು ಹಿಂದಿರುಗುತ್ತಾರೆ. ಎರಡು ಪುಸ್ತಕ ಇಟ್ಟರೆ ಒಂದೇ ಚಿತ್ರ ಎರಡು ಸಲ ಮಾರಾಟವಾಗುತ್ತದೆ. ಸಂಘದ ಪಾಲು ಎಷ್ಟೆಂಬುದು ಅರ್ಜಿಯಲ್ಲೇ ಇರಬೇಕು, ಕಲಾವಿದರ ಹಣ ಪ್ರದರ್ಶನ ಮುಗಿದ 15 ದಿನದೊಳಗೆ ಸಲ್ಲಬೇಕು. ನಡುವಿನ ಒಂದು ಸಂಜೆಯನ್ನು ಸದಸ್ಯರಿಗಷ್ಟೇ ಇಟ್ಟುಕೊಂಡು ಚಿತ್ರದಿಂದ ಚಿತ್ರಕ್ಕೆ ನಡೆಯುತ್ತ ಚರ್ಚಿಸುತ್ತೇವೆ. ಒಂದಕ್ಕೆ 4 ನಿಮಿಷ. ಬರೆದವರು ಕೊನೆಯ ಒಂದು ನಿಮಿಷದವರೆಗೆ ಮಾತಾಡುವುದಿಲ್ಲ, ಕೇಳಿಸಿಕೊಳ್ಳುತ್ತಾರೆ. ಮನೆಯ ಮೇಜಿನ ಮೇಲೆ ಸರಿಯಾಗಿದ್ದ ಚಿತ್ರ ಐದು ಹೆಜ್ಜೆ ದೂರದಿಂದ ಏಕೆ ಮಂಕಾಯಿತು ಎಂಬುದು ಆ ಸಂಜೆಯಷ್ಟು ಸ್ಪಷ್ಟವಾಗಿ ಬೇರೆಲ್ಲೂ ತಿಳಿಯದು.

ಇಳಿಸುವುದು ಎರಡು ಗಂಟೆಯ ಕೆಲಸವೆಂದು ಅವಸರ ಮಾಡಬಾರದು, ಗಾಜು ಒಡೆಯುವುದು ಹೆಚ್ಚಾಗಿ ಆ ದಿನವೇ. ಸ್ವೀಕಾರದ ದಿನದ ಸ್ಥಿತಿಪತ್ರವನ್ನೇ ಮತ್ತೆ ತೆಗೆದು, ಕೃತಿ ನೋಡಿ, ಸದಸ್ಯರ ಸಹಿ ಪಡೆದು ಕೈಗೆ ಕೊಡುವುದು. ಮೊಳೆಗುಂಡಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ 220ರ ಉಪ್ಪುಕಾಗದದಿಂದ ಉಜ್ಜಿ, ಚಿಕ್ಕ ರೋಲರಿನಲ್ಲಿ ಬಣ್ಣ ಮುಟ್ಟಿಸುತ್ತೇವೆ. ಉಳಿದ ಗೋಡೆಗೆ ರೋಲರಿನಲ್ಲೇ ಬಳಿದಿರುವಾಗ ಕುಂಚ ಬಳಸಿದರೆ ತೇಪೆ ಕಾಣುತ್ತದೆ. ಗೋಡೆಯ ಬಣ್ಣವನ್ನು ಒಂದು ಬಾಟಲಿಯಲ್ಲಿ ಮುಚ್ಚಿಟ್ಟು ಮೇಲೆ ಹೆಸರು, ಸಂಖ್ಯೆ, ತಿಂಗಳು ಬರೆದು, ಅಂತರಗಳ ಲೆಕ್ಕವಿರುವ ಗೋಡೆಯ ನಕ್ಷೆಯ ಜೊತೆ ಸಂಘದ ಕಪಾಟಿಗೆ ಸೇರಿಸುತ್ತೇವೆ. ಯಾವ ಜಾಗದಲ್ಲಿ ಗಾರೆ ಉದುರಿ ಮೊಳೆ ನಿಲ್ಲಲಿಲ್ಲ ಎಂಬುದನ್ನು ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಗುರುತಿಸಿರುತ್ತೇವೆ. ಮುಂದಿನ ವರ್ಷ ಗೋಡೆ ಅಳೆಯುವವರು ಮೊದಲು ತೆರೆಯುವುದು ಆ ಹಾಳೆಯನ್ನೇ.